ನಾಗವೇಣಿಯ ಶನಿವಾರದ ಕ್ಲಾಸು

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಈಗಲೂ ಮಿಕ್ಸಿ ಹಾಕುವುದಿಲ್ಲ. ಹಾಕಬೇಡ ಎಂದು ಯಾರೂ ಹೇಳುವುದಿಲ್ಲ, ಹೇಳುತ್ತಿದ್ದವಳೇ ಇಲ್ಲ. ಆದರೂ ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ ಎಲ್ಲ ಜಾರಿಗೆ ತುಂಬಿ ಸ್ವಿಚ್ಚಿನ ಮೇಲೆ ಬೆರಳಿಟ್ಟರೆ ಬೆರಳು ತಾನಾಗಿ ಹಿಂದಕ್ಕೆ ಬಂದುಬಿಡುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು ನಡುಮನೆ ದಾಟುತ್ತೇನೆ. ಬೀದಿಯಲ್ಲಿ ಸೊಪ್ಪಿನವನು ಕೂಗಿದರೆ ಓಡಿಹೋಗಿ, ಮೆಲ್ಲಗೆ, ಮೆಲ್ಲಗೆ ಎಂದು ಕೈಸನ್ನೆ ಮಾಡುತ್ತೇನೆ. ಅವನು ಪಾಪ, ನನ್ನ ಮುಖ ನೋಡಿ ಏನೂ ಕೇಳದೆ ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಬೀದಿ ಕೊನೆ ಮುಟ್ಟಿದ ಮೇಲೆ ಮತ್ತೆ ಕೂಗುತ್ತಾನೆ.

ನನ್ನ ಹೆಂಡತಿ ನಾಗವೇಣಿ ಶನಿವಾರ ಹತ್ತರಿಂದ ಒಂದರವರೆಗೆ ಪಾಠ ಕೇಳುತ್ತಿದ್ದಳು. ಹೊಸೂರು ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೆಳಗೆ ಕೆಲಸ ಮಾಡುತ್ತಿದ್ದವಳು ಅವಳು. ಜಮೀನಿನ ಭಾಗ, ಜೀವನಾಂಶ, ರಸ್ತೆ ಅಪಘಾತ, ಇಂಥ ಕೇಸುಗಳಲ್ಲೇ ಅವಳ ದಿನ ಕಳೆಯುತ್ತಿತ್ತು. ನಮ್ಮ ಮಗಳು ಚೈತ್ರ ಪ್ಲಸ್ ಒನ್‌ಗೆ, ಅಂದರೆ ಹನ್ನೊಂದನೇ ಕ್ಲಾಸಿಗೆ, ಸೇರಿದ ವರ್ಷವೇ, ನಲವತ್ತು ದಾಟಿದ ತಾನೂ ಪರಿಸರ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿಕೊಂಡಳು. ಎಲ್ಲೋ ದೂರದ ವಿಶ್ವವಿದ್ಯಾಲಯ. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಬಾಗಲೂರಿನ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಸಿಗ್ನಲ್ ಸಿಗುವುದು ನಡುಮನೆಯ ಕಿಟಕಿಯ ಹತ್ತಿರ ಮಾತ್ರ. ನಮ್ಮ ಬಚ್ಚಲುಮನೆಯ ಬಾಗಿಲು ತೆರೆದುಕೊಳ್ಳುವುದೂ ಅದೇ ನಡುಮನೆಗೆ. ಈ ಎರಡು ಸಂಗತಿಗಳನ್ನು ನೀವು ಸೇರಿಸಿ ನೋಡಿದರೆ ಮುಂದೆ ಆದದ್ದು ನಿಮಗೇ ಹೊಳೆಯುತ್ತದೆ.

ಮೊದಲನೆಯ ತಿಂಗಳಲ್ಲೇ ಆಯಿತು. ರಾತ್ರಿ ಪಾಳಿ ಮುಗಿಸಿ ಬಂದು ಸ್ನಾನ ಮಾಡಿದವನು, ಶನಿವಾರವೆಂಬುದೇ ಮರೆತು, ಟವಲು ಸುತ್ತಿಕೊಂಡು, ಹಾಡು ಗುನುಗುತ್ತಾ ಹೊರಗೆ ಬಂದೆ. ಗುನುಗುವುದು ಎಂದೆ, ಆದರೆ ಬಹಳ ವರ್ಷ ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿ ಕಬ್ಬಿಣ ಬಡಿಯುವ ಸದ್ದಿನ ನಡುವೆ ದುಡಿದವನ ಗುನುಗು ಪಕ್ಕದ ಬೀದಿಗೆ ಕೇಳುತ್ತದೆ. ಪರದೆಯ ಮೇಲೆ ಸಾಲುಸಾಲು ಮುಖಗಳು. ಎಲ್ಲವೂ ಒಟ್ಟಿಗೆ ನನ್ನನ್ನು ನೋಡಿದವು. ನಾನು ಬಂದ ವೇಗದಲ್ಲೇ ಬಚ್ಚಲಿಗೆ ಹಿಂತಿರುಗಿ, ಕ್ಲಾಸು ಮುಗಿಯುವವರೆಗೆ ಅಲ್ಲೇ ಬಕೆಟ್ಟು ಬೋರಲು ಹಾಕಿಕೊಂಡು ಕೂತೆ.

ಮಧ್ಯಾಹ್ನ ಬಾಗಿಲು ತಟ್ಟಿ ನಾಗವೇಣಿ ಅಂದಳು: "ಆಚೆಗ್ ಬಾ ಬಾವ. ಇವತ್ತು ವನ್ಯಜೀವಿಗಳ ಪಾಠ ಇತ್ತು. ಸರಿಯಾದ್ ಹೊತ್ಗೇ ಬಂದೆ."

ಬಾವ ಎಂದದ್ದು ಯಾಕೆ ಅಂತೀರಾ? ಅವಳು ನನ್ನ ಸೋದರಮಾವನ ಮಗಳು. ಚಿಕ್ಕಂದಿನಿಂದ ಬಾವ ಎಂದೇ ಕರೆದವಳು ಮದುವೆಯಾದ ಮೇಲೂ ಬದಲಾಯಿಸಲಿಲ್ಲ. ವಕೀಲರ ಸಂಘದ ಸಮಾರಂಭದಲ್ಲಿ ಕೂಡ, ಕಪ್ಪು ಕೋಟು ಹಾಕಿಕೊಂಡೇ, "ಬಾವ, ಇತ್ಲಾಗ್ ಬಾ" ಎಂದು ಕೂಗುತ್ತಿದ್ದಳು.

ರಾಯಕೋಟೆಯ ಹತ್ತಿರ ಮಾವನದೊಂದು ಮಾವಿನ ತೋಟವಿತ್ತು. ಬೇಸಿಗೆ ರಜ ಬಂತೆಂದರೆ ನನ್ನನ್ನು ಬಸ್ಸು ಹತ್ತಿಸಿ ಅಲ್ಲಿಗೆ ಕಳಿಸುತ್ತಿದ್ದರು. ಕಾಯಿ ಬಲಿಯುವ ಕಾಲದಲ್ಲಿ ಕೋತಿ ಕಾಯುವುದು ಮಕ್ಕಳ ಕೆಲಸ. ನಾನು, ನಾಗವೇಣಿ, ಅವಳ ತಮ್ಮ ಮುನಿರಾಜು, ಮೂವರೂ ಕವಣೆ ಹಿಡಿದು ಮರದ ಕೆಳಗೆ ಕೂತಿರುತ್ತಿದ್ದೆವು. ಬೆಳಿಗ್ಗೆಯ ನೆರಳಿನಲ್ಲಿ ಉಪ್ಪು ಖಾರ ಹಚ್ಚಿದ ಕಾಯಿ ತಿಂದು ಹಲ್ಲು ಚುಳ್ಳೆನ್ನುತ್ತಿತ್ತು. ಸೊನೆ ತಗಲಿ ನನ್ನ ತುಟಿಯ ಪಕ್ಕ ಸದಾ ಒಂದು ಸುಟ್ಟ ಗಾಯ. ನಾಗವೇಣಿಗೆ ಮಾತ್ರ ಕವಣೆ ಬೀಸಲು ಮನಸ್ಸಿರಲಿಲ್ಲ. ಒಂದು ದಿನ ಅವಳು ತೋಟದ ಅಂಚಿನ ಹುಳಿಮಾವಿನ ಮರದ ಕೆಳಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೇಲಿದ್ದ ಕೋತಿಗಳಿಗೆ ಜೋರಾಗಿ ಹೇಳಿದಳು: "ಈ ಮರ ನಿಮ್ದು. ಮಿಕ್ಕಿದ್ದೆಲ್ಲಾ ನಮ್ದು. ಈ ಕಡೀಗ್ ಬರ್ಬ್ಯಾಡ್ರಿ, ನಾವೂ ಆ ಕಡೀಗ್ ಬರಲ್ಲ." ಕೋತಿಗಳು ಒಪ್ಪಲಿಲ್ಲ. ಆ ಮರದ ಕಾಯಿ ಅವಕ್ಕೂ ಹುಳಿಯೇ. ಆದರೆ ನಾವು ಮೂವರು ಮಾತ್ರ ಆ ಮರದ ಒಂದು ಕಾಯನ್ನೂ ಮುಟ್ಟಲಿಲ್ಲ. ಅದಕ್ಕೆ ಕೋತಿ ಮರ ಎಂಬ ಹೆಸರೇ ನಿಂತಿತು.

ಮಾವ ತೀರಿಕೊಂಡ ಮೇಲೆ ತೋಟ ಮುನಿರಾಜುವಿನದಾಯಿತು. ಅಷ್ಟರಲ್ಲಿ ಹಿಂದಿನ ಗುಡ್ಡದಲ್ಲಿ ಬಂಡೆ ಒಡೆಯುವ ಕೆಲಸ ಶುರುವಾಗಿ, ಅದರ ಬುಡದಲ್ಲಿ ಜಲ್ಲಿ ಕ್ರಷರ್ ಬಂತು. ಹಗಲೆಲ್ಲ ಧೂಳು. ಮಾವಿನ ಎಲೆ ಮುಟ್ಟಿದರೆ ಬೆರಳಿಗೆ ಹಿಟ್ಟು ಮೆತ್ತಿದ ಹಾಗೆ ಮೆತ್ತುತ್ತಿತ್ತು. ಹೂವಿನ ಮೇಲೂ ಅದೇ ಧೂಳು ಕೂತು ಪೀಚು ಕಟ್ಟುತ್ತಿರಲಿಲ್ಲ. ನಾಗವೇಣಿ ಸೋಮವಾರದ ಸೋಮವಾರ ಕೃಷ್ಣಗಿರಿಗೆ ಹೋಗಿ ಕಲೆಕ್ಟರ್ ಆಫೀಸಿನಲ್ಲಿ ಮನವಿ ಕೊಟ್ಟು ಬಂದಳು. ಧೂಳಿನ ಅಳತೆ ಮಾಡುವವರು ಬಂದರು. ಅವರು ಬಂದ ದಿನ ಯಾಕೋ ಕ್ರಷರ್ ನಿಂತಿತ್ತು. ಧೂಳಿಲ್ಲ ಎಂದು ಬರೆದುಕೊಂಡು ಹೋದರು. ಅವತ್ತು ಮನೆಗೆ ಬಂದು ಕೋಟು ಬಿಚ್ಚಿ ಗೋಡೆಗೆ ತಗಲಿಸುತ್ತಾ ಅವಳಂದದ್ದು ಇಷ್ಟೆ: "ನಂಗೆ ಈ ಕಾನೂನು ಸಾಕಷ್ಟು ಗೊತ್ತಿಲ್ಲ ಬಾವ. ಓದ್ಬೇಕು."

ಓದಿದಳು. ಅವಳು ಓದಿದ್ದೆಲ್ಲ ಮೊದಲು ನನ್ನ ಮೇಲೆಯೇ ಪ್ರಯೋಗವಾಗುತ್ತಿತ್ತು. ಮಲಿನ ಮಾಡಿದವನೇ ಅದಕ್ಕೆ ತೆರಬೇಕು ಎಂಬುದೊಂದು ತತ್ವ ಇದೆಯಂತೆ. ಗ್ರೀಸು ಹತ್ತಿದ ಷೂ ಹಾಕಿಕೊಂಡು ನಡುಮನೆಗೆ ಬಂದ ದಿನ ಅದನ್ನು ನನಗೆ ಇಂಗ್ಲಿಷಿನಲ್ಲಿ ಒಪ್ಪಿಸಿ, ನೆಲ ಒರೆಸುವ ಬಟ್ಟೆಯನ್ನು ಕೈಗೆ ಕೊಟ್ಟಳು. ಕೇಡಾಗುತ್ತದೆಂದು ಪೂರ್ತಿ ಸಾಬೀತಾಗುವವರೆಗೆ ಕಾಯಬಾರದು, ಮೊದಲೇ ಎಚ್ಚರ ವಹಿಸಬೇಕು ಎಂಬುದು ಇನ್ನೊಂದು. ಹಾಲು ಉಕ್ಕಿದ ದಿನ ಅದೂ ಗೊತ್ತಾಯಿತು. ಬೆಟ್ಟ, ನದಿ, ಕೆರೆ ಎಲ್ಲರ ಸೊತ್ತು, ಸರ್ಕಾರ ಬರೀ ಕಾವಲುಗಾರ ಎಂದು ಅವಳು ಹೇಳಿದಾಗ ನಾನು, "ಹಂಗಾದ್ರೆ ನಮ್ಮನೇಲಿ ಸರ್ಕಾರ ಯಾರು?" ಎಂದೆ. "ನಾನು. ನೀನು ಪ್ರಜೆ. ಹೋಗಿ ಕಾಪಿ ಮಾಡ್ಕೊಂಡ್ ಬಾ" ಎಂದಳು. ಶನಿವಾರದ ಅಡುಗೆ ನನ್ನ ಪಾಲಿಗೆ ಬಂದದ್ದು ಹೀಗೆ. ತಮಿಳು ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡಿ, ಸಂತೆಯಲ್ಲಿ ತೆಲುಗು ಚೌಕಾಸಿ ಮಾಡಿ ಬೆಳೆದ ನನಗೆ ಇಂಗ್ಲಿಷ್ ಬಂದದ್ದು ಫ್ಯಾಕ್ಟರಿಯ ಬೋರ್ಡುಗಳಿಂದ. ಅಪಾಯ, ಕೈ ಇಡಬೇಡಿ, ಬೆಂಕಿ, ಇಷ್ಟು ಚೆನ್ನಾಗಿ ಬರುತ್ತದೆ. ಆದರೂ ಒಲೆಯ ಮುಂದೆ ನಿಂತು ಕೇಳಿ ಕೇಳಿ ಅವಳಿಗೆ ಪಾಠ ಹೇಳುವ ಮೇಡಮ್‌ನ ದನಿ ನನಗೆ ಅಭ್ಯಾಸವಾಯಿತು. ನಿಧಾನವಾಗಿ, ಮಧ್ಯೆ ಮಧ್ಯೆ ನೀರು ಕುಡಿಯುತ್ತಾ ಮಾತಾಡುವ ಹೆಂಗಸು.

ಒಂದು ಶುಕ್ರವಾರ ನಾವಿಬ್ಬರೂ ರಾಯಕೋಟೆಗೆ ಹೋದೆವು. ಕ್ಲಾಸಿಗೆ ಒಂದು ಪ್ರಬಂಧ ಒಪ್ಪಿಸಬೇಕಿತ್ತು. ಅದಕ್ಕೆ ಧೂಳು ಕೂತ ಎಲೆಗಳ ಫೋಟೋ ಬೇಕೆಂದಳು. ಬಸ್ಸಿಳಿದು ಮಣ್ಣುರಸ್ತೆಯ ತಿರುವು ದಾಟಿದ ಕೂಡಲೆ ನನಗೆ ದಾರಿ ತಪ್ಪಿತೇನೋ ಅನಿಸಿತು. ಎದುರಿಗೆ ಗುಡ್ಡ ಬುಡದವರೆಗೂ ಕಾಣುತ್ತಿತ್ತು. ಮೊದಲು ಅದು ಹಾಗೆ ಕಾಣುತ್ತಿರಲಿಲ್ಲ; ಮರಗಳು ಅಡ್ಡ ಇದ್ದವು. ಈಗ ಕೊರಡುಗಳು ಮಾತ್ರ. ಮುನಿರಾಜು ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಕೂತಿದ್ದ. ನಮ್ಮನ್ನು ಕಂಡು ಎದ್ದು ನಿಂತ, ಮುಂದಕ್ಕೆ ಬರಲಿಲ್ಲ.

"ಇದೇನ್ಲಾ ಮಾಡ್ಬುಟ್ಟೆ?" ಎಂದಳು ನಾಗವೇಣಿ.

"ಹೂವಾ ಬಿಟ್ರೂ ಕಾಯಿ ಕಚ್ತಿರ್ಲಿಲ್ಲ ಅಕ್ಕಾ. ಇನ್ನೂ ಎಷ್ಟ್ ವರ್ಸ ಅಂತ ನೋಡ್ಕೊಂಡ್ ಕುಂತಿರ್ಲಿ? ಲಾರಿ ನಿಲ್ಸೋಕೆ ಜಾಗ ಬೇಕು ಅಂದ್ರು ಕ್ರಷರ್‌ನೋರು. ಕೊಟ್ಬುಟ್ಟೆ."

"ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

ಅವನು ಅಂದ: "ಹೇಳಿದ್ರೆ ನೀನು ಬ್ಯಾಡ ಅಂತಿದ್ದೆ. ನೀನ್ ಬ್ಯಾಡ ಅಂದಿದ್ರೆ ನಾನ್ ಕೇಳ್ತಿದ್ದೆ ಅಕ್ಕಾ. ಅದ್ಕೇ ಹೇಳ್ಲಿಲ್ಲ."

ನಾಗವೇಣಿ ತೋಟದ ಅಂಚಿನ ಕಡೆಗೆ ನೋಡಿದಳು. "ಕೋತಿ ಮರಾನೂವಾ?"

"ಅದೂವೆ."

ಅವಳು ಜಗಳವಾಡುತ್ತಾಳೆಂದು ಕಾದೆ. ಆಡಲಿಲ್ಲ. ಮುನಿರಾಜುವಿನ ಹೆಂಡತಿ ತಂದ ಮಜ್ಜಿಗೆ ಕುಡಿದಳು, ಮಕ್ಕಳ ಓದು ವಿಚಾರಿಸಿದಳು, ಹೊರಡುವಾಗ ತಮ್ಮನ ಶರ್ಟಿನ ಮೇಲಿನ ಮರದ ಹೊಟ್ಟನ್ನು ಕೈಯಿಂದ ಒರೆಸಿದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಲಿಲ್ಲ, ರೆಪ್ಪೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ನಾನು ಕೇಳಬಾರದಿತ್ತೇನೋ, ಕೇಳಿದೆ: "ಇನ್ಯಾತಕ್ಕಮ್ಮಿ ಆ ಓದು?"

ಕಣ್ಣು ತೆರೆಯದೆಯೇ ಅಂದಳು. "ತೋಟ ಅವನ್ದು ಬಾವ. ಕೊಡ್ತಾನೆ, ಬಿಡ್ತಾನೆ. ಧೂಳಿಗೆ ಆ ಬೇಲಿ ಗೊತ್ತಾಗಲ್ಲ. ಅದು ಪಕ್ಕದೋರ ತೋಟಕ್ಕೂ ಹೋಗ್ತದೆ, ಸ್ಕೂಲಿಗೂ ಹೋಗ್ತದೆ." ಹೊಸೂರು ಹತ್ತಿರವಾದಾಗ ಮುಖ ಒರೆಸಿಕೊಂಡು, "ನಾಳೆ ಶನಿವಾರ. ಚಟ್ನಿ ಇವತ್ತೇ ರುಬ್ಬಿ ಇಟ್ಬುಡು" ಎಂದಳು.

ಮಳೆಗಾಲ ಮುಗಿಯುತ್ತಿದ್ದ ಒಂದು ವಾರ ಅವಳಿಗೆ ಜ್ವರ ಬಂತು. ಕೋರ್ಟಿನಿಂದ ಬಂದವಳು ಕೋಟನ್ನೂ ಬಿಚ್ಚದೆ ಮಲಗಿದಳು. ಡೆಂಗಿ ಎಂದರು. ಊರಲ್ಲಿ ಹಲವರಿಗೆ ಬಂದಿತ್ತು, ಹೋಗಿತ್ತು. ನಾವೂ ಹಾಗೇ ಅಂದುಕೊಂಡೆವು. ಹೊಸೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗಲೇ ಶನಿವಾರ ಬಂತು. ಫೋನು ಕೊಡು, ಅಟೆಂಡೆನ್ಸ್ ಹೋಗುತ್ತದೆ ಎಂದು ಹಟ ಹಿಡಿದಳು. ಕ್ಯಾಮೆರಾ ಆರಿಸಿ, ಕಿವಿಗೆ ಸಿಕ್ಕಿಸಿಕೊಂಡು, ಪಾಠ ಕೇಳುತ್ತಾ ಕೇಳುತ್ತಾ ನಿದ್ದೆಹೋದಳು. ಮಗಳು ಪಕ್ಕದಲ್ಲಿ ಕೂತು, "ಅಪ್ಪಾ, ಅಮ್ಮ ಕ್ಲಾಸಲ್ಲಿ ತೂಕಡಿಸ್ತಾ ಅವ್ಳೆ ನೋಡು. ನನಗ್ ಬೈತಿದ್ಲು" ಎಂದು ನಕ್ಕಳು. ನಾನೂ ನಕ್ಕೆ. ನಾವು ಮೂವರು ಒಟ್ಟಿಗಿದ್ದಾಗ ನಗು ಬಂದದ್ದು ಅದೇ ಕೊನೆ.

ಮಾರನೆಯ ದಿನ ಜ್ವರ ಇಳಿಯಿತು. ಜ್ವರ ಇಳಿದ ಮೇಲೆಯೇ ಹುಷಾರಾಗಿರಬೇಕು ಎಂದು ವೈದ್ಯರು ಹೇಳಿದ್ದರು. ಸಂಜೆಗೆ ಅವಳ ಕೈಕಾಲು ತಣ್ಣಗಾದವು, ಹೊಟ್ಟೆನೋವು ಎಂದಳು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸಿನಲ್ಲಿ ನಾನು ಅವಳ ಪಾದ ಉಜ್ಜುತ್ತಾ ಕೂತಿದ್ದೆ. ಅತ್ತಿಬೆಲೆಯ ಹತ್ತಿರ ಗಾಡಿಗಳ ಸಾಲಿನಲ್ಲಿ ನಿಂತಾಗ ಅವಳು ಕಣ್ಣು ಬಿಟ್ಟು ನನ್ನನ್ನು ಹುಡುಕಿದಳು.

"ಬಾವ, ಮೇಡಮ್‌ಗೆ ಒಂದ್ ಮಾತು ಹೇಳ್ಬುಡು. ಅಸೈನ್‌ಮೆಂಟು ಮುಂದಿನ್ ವಾರ ಕೊಡ್ತೀನಿ ಅಂತ."

"ಹೇಳ್ತೀನಿ ಕಣಮ್ಮಿ. ನೀನ್ ಸುಮ್ನೆ ಮಲಕ್ಕೋ."

"ಮರೀಬ್ಯಾಡ."

ಆಮೇಲೆ ಅವಳು ಮಾತಾಡಿದ್ದು ಏನೂ ಸರಿಯಾಗಿ ಕೇಳಿಸಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ, ಬೆಳಗಾಗಿ ಬಿಸಿಲು ಏರುವ ಹೊತ್ತಿಗೆ, ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನನ್ನು ಒಳಗೆ ಕರೆದರು.

ಊರಿಗೆ ತಂದಾಗ ಕೋರ್ಟಿನವರೆಲ್ಲ ಬಂದಿದ್ದರು. ಮುನಿರಾಜು ಬಂದು ನನ್ನ ಕೈ ಹಿಡಿದು ಕೂತವನು ಎಲ್ಲ ಮುಗಿಯುವವರೆಗೂ ಬಿಡಲಿಲ್ಲ. ತೋಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಅವತ್ತು ನನ್ ಅಂಗಿ ಒರೆಸಿದ್ಲು ಬಾವ, ಬೈದಿದ್ರೆ ಚೆನ್ನಾಗಿತ್ತು" ಎಂದು ಬಿಕ್ಕಿದ.

ಕೆಲವು ವಾರ ಕಳೆದವು. ಒಂದು ಶನಿವಾರ ಬೆಳಿಗ್ಗೆ ಚೈತ್ರ ಅವಳಮ್ಮನ ಲ್ಯಾಪ್‌ಟಾಪು ಹಿಡಿದುಕೊಂಡು ಒಲೆಯ ಹತ್ತಿರ ಬಂದಳು. "ಅಪ್ಪಾ, ಅಮ್ಮ ಕ್ಲಾಸಿಗ್ ಬರ್ತಿಲ್ಲ ಅಂತ ಮೇಲ್ ಮೇಲೆ ಮೇಲ್ ಹಾಕ್ತಾ ಅವ್ರೆ. ಅವ್ರಿಗ್ ಗೊತ್ತಿಲ್ಲ."

ನಿಜ. ಯಾರು ಹೇಳಿದ್ದರು? ಊರಿಗೆಲ್ಲ ಗೊತ್ತಿತ್ತು, ಕೋರ್ಟಿಗೆ ಗೊತ್ತಿತ್ತು. ಆ ಮುಖಗಳ ಸಾಲಿಗೆ ಮಾತ್ರ ಗೊತ್ತಿರಲಿಲ್ಲ. ಮೇಲ್ ಬರೆದು ಕಳಿಸಲೇ ಎಂದಳು ಮಗಳು. ನಾನು ಬೇಡವೆಂದೆ. ಹೇಳ್ಬುಡು ಎಂದು ಕೇಳಿಕೊಂಡದ್ದು ನನ್ನನ್ನು.

ಕಿಟಕಿಯ ಹತ್ತಿರ ಅವಳು ಕೂರುತ್ತಿದ್ದ ಕುರ್ಚಿಯಲ್ಲಿ ಕೂತೆ. ತಲೆ ಬಾಚಿಕೊಂಡಿದ್ದೆ, ಇಸ್ತ್ರಿ ಶರ್ಟು ಹಾಕಿಕೊಂಡಿದ್ದೆ. ಮಗಳು ಏನೇನೋ ಒತ್ತಿ ಪಕ್ಕಕ್ಕೆ ಸರಿದಳು. ನಾನು ಸಿದ್ಧವಾಗುವಷ್ಟರಲ್ಲಿ ಪಾಠ ಮುಗಿಯುವ ಹೊತ್ತಾಗಿತ್ತು. ಕ್ಯಾಮೆರಾ ಇನ್ನೂ ಹಾಕಿರಲಿಲ್ಲ. ಪರದೆಯ ಮೇಲೆ ನಾಗವೇಣಿಯ ಹೆಸರು ಮೂಡಿತು. ಮೂಡಿದ್ದೇ ತಡ, ಒಂದೊಂದೇ ಮುಖ ಅರಳಿತು. ಯಾರೋ ಕೈ ಬೀಸಿದರು. ಪಕ್ಕದಲ್ಲಿ ಸರಸರನೆ ಅಕ್ಷರಗಳು ಬಂದವು. ಮಗಳು ಮೆಲ್ಲಗೆ ಓದಿ ಹೇಳಿದಳು: ಬಂದ್ರಾ, ಎಲ್ಲಿ ಹೋಗಿದ್ರಿ, ನಿಮ್ಮನ್ನ ನೆನೆಸಿಕೊಳ್ತಾ ಇದ್ವಿ. ಮೇಡಮ್ ನೀರಿನ ಲೋಟ ಕೆಳಗಿಟ್ಟು ಅವಳ ಹೆಸರು ಹೇಳಿ ಕರೆದರು. ಅಷ್ಟು ಪ್ರೀತಿಯಿಂದ ಕರೆದರೆ ನಾನು ಏನು ಮಾಡಲಿ? ಆ ಒಂದು ಗಳಿಗೆ ಆ ಜನರ ಪಾಲಿಗೆ ಅವಳು ಬದುಕಿದ್ದಳು. ಬಾಯಿ ತೆರೆದರೆ ಹೋಗುತ್ತಾಳೆ. ನಾನು ಬಾಯಿ ತೆರೆಯದೆ ಕೂತೆ.

ಕೊನೆಗೆ ಚೈತ್ರ ಕ್ಯಾಮೆರಾ ಹಾಕಿದಳು. ನನ್ನ ಮುಖ ಕಂಡು ಅಕ್ಷರಗಳು ನಿಂತವು. ನನ್ನ ಇಂಗ್ಲಿಷಿನಲ್ಲಿ, "ಮೇಡಮ್, ಐ ಆಮ್ ಹಸ್ಬೆಂಡ್" ಎಂದೆ. ಮುಂದಕ್ಕೆ ಬರಲಿಲ್ಲ.

ಆಗ ಒಬ್ಬ ಹುಡುಗಿ ಕನ್ನಡದಲ್ಲಿ ಮಾತಾಡಿದಳು. "ಅಣ್ಣಾರ, ನಾ ಸಾವಿತ್ರಿ ರೀ, ಬಾಗಲಕೋಟಿ ಕಡೆಯಾಕಿ. ನೀವು ಕನ್ನಡದಾಗ ಹೇಳ್ರಿ, ನಾ ಇವರಿಗೆ ತಿಳಿಸ್ತೀನಿ. ಅಕ್ಕಾರು ಆರಾಮ ಅದಾರೇನ್ರಿ?"

ನನ್ನ ದನಿ ಯಾವಾಗಲೂ ದೊಡ್ಡದು ಎಂದೆನಲ್ಲ. ಅವತ್ತು ಎಷ್ಟು ಸಣ್ಣಗಾಯಿತೆಂದರೆ ಸಾವಿತ್ರಿ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಜ್ವರದ ಸಂಗತಿ ಹೇಳಿದೆ. ಇಲ್ಲ ಎಂಬುದನ್ನೂ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಂತೆ ಒಬ್ಬೊಬ್ಬರೇ ಕನ್ನಡಕ ತೆಗೆದರು, ಮುಖ ತಿರುಗಿಸಿಕೊಂಡರು. ನಾನು ಬಂದ ಕೆಲಸ ಇನ್ನೂ ಆಗಿರಲಿಲ್ಲ. "ಇನ್ನೊಂದ್ ಮಾತು ಅದೆ ತಾಯಿ. ಅಸೈನ್‌ಮೆಂಟು ಮುಂದಿನ್ ವಾರ ಕೊಡ್ತೀನಿ ಅಂತ ಮೇಡಮ್‌ಗೆ ಹೇಳ್ಬುಡು ಅಂದಿದ್ಲು."

ಅದೊಂದನ್ನು ಸಾವಿತ್ರಿ ಹೇಳಲಾರದೆ ಹೋದಳು. ಚೈತ್ರ ಮುಂದಕ್ಕೆ ಬಗ್ಗಿ ತಾನೇ ಹೇಳಿದಳು.

ಆಮೇಲೆ ಮೇಡಮ್ ನನ್ನನ್ನು "ಮಿಸ್ಟರ್ ಬಾವ" ಎಂದು ಕರೆದರು. ನನ್ನ ಹೆಸರೇ ಬಾವ ಎಂದು ಆ ಕ್ಲಾಸು ಇಡೀ ವರ್ಷ ತಿಳಿದುಕೊಂಡಿತ್ತು. ಕಾನೂನಿನ ಯಾವ ತತ್ವ ಬಂದರೂ ನಾಗವೇಣಿ ನಮ್ಮ ಮನೆಯ ಉದಾಹರಣೆ ಕೊಡುತ್ತಿದ್ದಳಂತೆ: ಬಾವ ಹಾಲು ಉಕ್ಕಿಸಿದ್ದು, ಬಾವ ಗ್ರೀಸಿನ ಕಲೆ ಒರೆಸಿದ್ದು. ತೋಟ ಹೋದದ್ದನ್ನೂ ಹೇಳಿದ್ದಳಂತೆ. ತಮ್ಮನನ್ನು ಯಾರೋ ಬೈದಾಗ, ಅವನೂ ಆ ಧೂಳಿನಲ್ಲೇ ಉಸಿರಾಡಿದವನು ಎಂದಿದ್ದಳಂತೆ. ಇದನ್ನೆಲ್ಲ ಸಾವಿತ್ರಿ ತಡೆತಡೆದು ನನಗೆ ಹೇಳಿದಳು. "ನೀವು ಭಾಳ ಛಲೋ ಅಡಗಿ ಮಾಡ್ತೀರಿ ಅಂತಿದ್ರು ರೀ ಅಣ್ಣಾರ." ಅದನ್ನು ನಾಗವೇಣಿ ನನಗೆ ಒಂದು ದಿನವೂ ಹೇಳಿರಲಿಲ್ಲ.

ಕ್ಲಾಸು ಮುಗಿಯಿತು. ಒಬ್ಬೊಬ್ಬರೇ ಕೈ ಮುಗಿದು ಹೋದರು. ಸಾವಿತ್ರಿ ಎಲ್ಲರಿಗಿಂತ ತಡವಾಗಿ ಹೋದಳು. ಪರದೆಯ ಮೇಲೆ ಎರಡೇ ಚೌಕಗಳು ಉಳಿದವು. ಒಂದರಲ್ಲಿ ಮೇಡಮ್, ಇನ್ನೊಂದರಲ್ಲಿ ನಾನು, ನನ್ನ ಕೆಳಗೆ ನಾಗವೇಣಿಯ ಹೆಸರು. ಆರಿಸಲು ಎಲ್ಲಿ ಒತ್ತಬೇಕೆಂದು ನನಗೆ ಗೊತ್ತಿತ್ತು. ಒತ್ತಲಾಗಲಿಲ್ಲ. ಮೇಡಮ್ ಕೂಡ ಒತ್ತಲಿಲ್ಲ. ಅವರು ಒತ್ತಿದ್ದರೆ ಒಂದೇ ಸಲಕ್ಕೆ ಎಲ್ಲ ಆರಿಹೋಗುತ್ತಿತ್ತು.

"ಅಪ್ಪಾ, ಅವ್ರಿಗೂ ಊಟದ್ ಹೊತ್ತು" ಎಂದು ಮಗಳು ಪಿಸುಗುಟ್ಟಿದಳು.

ಅದು ಮೇಡಮ್‌ಗೆ ಅರ್ಥವಾಗಿರಲಾರದು. ಆದರೆ ಅವರು ಪಕ್ಕಕ್ಕೆ ಬಗ್ಗಿ ಒಂದು ಡಬ್ಬಿ ಎತ್ತಿಕೊಂಡರು, ನಮ್ಮ ಎದುರಿಗೇ ಮುಚ್ಚಳ ತೆಗೆದರು, ನಮ್ಮ ಕಡೆ ನೋಡಿ ತಲೆಯಾಡಿಸಿ, ಊಟಕ್ಕೆ ಕೂತರು. ಚೈತ್ರ ನನ್ನ ಮುಖ ನೋಡಿದಳು. ನಾಗವೇಣಿ ಹೋದಂದಿನಿಂದ ನಾವಿಬ್ಬರೂ ಒಟ್ಟಿಗೆ ಕೂತು ಉಂಡಿರಲಿಲ್ಲ. ಹಸಿವಾದವರು ಅಡುಗೆಮನೆಯಲ್ಲಿ ನಿಂತು ಏನೋ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಮಗಳು ಒಳಗೆ ಹೋಗಿ ಎರಡು ತಟ್ಟೆಗಳಲ್ಲಿ ಮುದ್ದೆಯೂ ಹುರುಳಿಕಾಳಿನ ಸಾರೂ ಬಡಿಸಿಕೊಂಡು ಬಂದಳು. ನಾನು ಕುರ್ಚಿ ಸ್ವಲ್ಪ ಸರಿಸಿ ಅವಳಿಗೆ ಜಾಗ ಮಾಡಿದೆ.

ಎಲ್ಲೋ ದೂರದ ಊರಿನಲ್ಲಿ ಆ ಹೆಂಗಸು ನಿಧಾನವಾಗಿ ರೊಟ್ಟಿ ಮುರಿಯುತ್ತಿದ್ದರು. ನಾವು ಮುದ್ದೆ ಮುರಿದೆವು. ಸಾರು ಸಾಕಷ್ಟು ಖಾರವಾಗಿತ್ತು. ಮಗಳು ಇನ್ನೊಂದು ಸೌಟು ಬಡಿಸಿದಾಗ ನಾನು ಬೇಡವೆನ್ನಲಿಲ್ಲ.